ಮುಗಿಸುವುದೂ ಒಂದು ವಿವೇಕ

ಪರೀಕ್ಷೆಯಲ್ಲಿ ಅನುತ್ತೀರ್ಣನಾದವನ ಸುದ್ದಿ ಸಂಜೆಯೊಳಗೆ ಊರಿಡೀ ಹರಡುತ್ತದೆ. ಆದರೆ ಎಲ್ಲ ಪತ್ರಿಕೆಗಳಲ್ಲಿಯೂ ತೇರ್ಗಡೆ ಹೊಂದಿ, ಕಟ್ಟಕಡೆಯ ಸಂಶೋಧನಾ ಪ್ರಬಂಧವೊಂದನ್ನು ಬರೆದೊಪ್ಪಿಸಲಾರದೆ ಪದವಿಯ ಹೊಸ್ತಿಲಿನಲ್ಲಿಯೇ ನಿಂತುಹೋದವರ ಸಂಗತಿ ಹೆಚ್ಚಾಗಿ ಯಾರ ಕಿವಿಗೂ ಬೀಳುವುದಿಲ್ಲ. ಅವರು ಸೋತರೆಂದು ಹೇಳುವಂತಿಲ್ಲ, ಗೆದ್ದರೆಂದೂ ಹೇಳುವಂತಿಲ್ಲ. ಮನೆಯ ಕಪಾಟಿನಲ್ಲಿ ಒಂದು ಕಡತವಿರುತ್ತದೆ. ಬೇಸಿಗೆಯ ರಜೆಯಲ್ಲಿ ಅದರ ಧೂಳು ಕೊಡವಲಾಗುತ್ತದೆ. ಶಾಲೆ ಪುನರಾರಂಭವಾದೊಡನೆ ಅದು ಮತ್ತೆ ಕಪಾಟನ್ನು ಸೇರುತ್ತದೆ.

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಸ್ನಾತಕೋತ್ತರ ವ್ಯಾಸಂಗ ಕೈಗೊಳ್ಳುವವರು ಅನೇಕರಿದ್ದಾರೆ. ಪ್ರೌಢಶಾಲೆಯ ಅಧ್ಯಾಪಕಿಯರು, ಧರ್ಮಭಗಿನಿಯರು, ಕಂಪೆನಿಗಳ ಸಿಬ್ಬಂದಿ ವಿಭಾಗದಲ್ಲಿ ದುಡಿಯುವವರು ಈ ಸಾಲಿನಲ್ಲಿದ್ದಾರೆ. ಅವರಲ್ಲಿ ಕೆಲವರು ಆರಿಸಿಕೊಳ್ಳುವ ವಿಷಯ ವೃತ್ತಿ ಮಾರ್ಗದರ್ಶನ. ಬ್ರಿಟನ್ನಿನಂಥ ದೇಶಗಳಲ್ಲಿ ಇದು ‘ವೃತ್ತಿ ವಿಕಾಸ ಮತ್ತು ಕೋಚಿಂಗ್’ ಎಂಬ ಹೆಸರಿನಲ್ಲಿ ಸ್ವತಂತ್ರ ವಿಷಯವಾಗಿಯೇ ಬೆಳೆದಿದೆ. ನಮ್ಮಲ್ಲಿ ಆಪ್ತಸಮಾಲೋಚನೆ, ಶಿಕ್ಷಣ, ಸಮಾಜಕಾರ್ಯ ಮುಂತಾದ ಪದವಿಗಳ ಅಂಗವಾಗಿ ಇದನ್ನು ಅಭ್ಯಸಿಸುವವರೇ ಹೆಚ್ಚು. ಯುವಜನರಿಗೆ ಜೀವನದ ದಾರಿಯನ್ನು ಕಂಡುಕೊಳ್ಳಲು ನೆರವಾಗುವ ವಿದ್ಯೆಯಿದು. ಇಂತಹ ವಿದ್ಯೆಯನ್ನು ಕಲಿತವರೇ ತಮ್ಮ ದಾರಿಯ ಕೊನೆಯ ಹೆಜ್ಜೆಯಲ್ಲಿ ತಡೆದು ನಿಲ್ಲುವುದೇಕೆ? ಈ ಪ್ರಶ್ನೆಯನ್ನು ಈ ವಾರ ಓದುಗರ ಮುಂದಿಡಲು ಬಯಸುತ್ತೇವೆ.

ಒಂದು ಶಾಸ್ತ್ರದ ಹುಟ್ಟು

ವೃತ್ತಿ ಮಾರ್ಗದರ್ಶನಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಮೊದಲಿಗನೆಂದು ಅಮೆರಿಕದ ಫ್ರ್ಯಾಂಕ್ ಪಾರ್ಸನ್ಸನನ್ನು ಹೆಸರಿಸುವುದು ವಾಡಿಕೆ. ಆತ ಎಂಜಿನಿಯರ್ ಆಗಿ ತರಬೇತಿ ಪಡೆದವನು, ಶಾಲೆಯಲ್ಲಿ ಪಾಠ ಹೇಳಿದವನು, ವಕೀಲನಾದವನು, ಕಾನೂನು ಬೋಧಿಸಿದವನು. ಹಲವು ವೃತ್ತಿಗಳ ಬಾಗಿಲು ತಟ್ಟಿದ ಈ ಮನುಷ್ಯ 1908ರಲ್ಲಿ ಬಾಸ್ಟನ್ ನಗರದಲ್ಲಿ ಯುವಜನರಿಗೆ ವೃತ್ತಿ ಸಲಹೆ ನೀಡುವ ಕಚೇರಿಯನ್ನು ತೆರೆದನು. ಹೊರನಾಡುಗಳಿಂದ ವಲಸೆ ಬಂದ ಬಡ ಕುಟುಂಬಗಳ ಮಕ್ಕಳು ಕೈಗೆ ಸಿಕ್ಕಿದ ಕೆಲಸ ಹಿಡಿದು, ಕೈಬಿಟ್ಟು, ಮತ್ತೊಂದನ್ನು ಹಿಡಿದು ಅಲೆಯುತ್ತಿದ್ದ ಕಾಲವದು. ಪಾರ್ಸನ್ಸನು ಅವರಿಗೆ ಮೂರು ಮಾತು ಹೇಳಿದನು. ನಿನ್ನನ್ನು ನೀನು ಅರಿತುಕೊ. ಉದ್ಯೋಗಗಳ ಲೋಕವನ್ನು ಅರಿತುಕೊ. ಆ ಬಳಿಕ ಇವೆರಡರ ಸಂಬಂಧವನ್ನು ಸರಿಯಾಗಿ ವಿಚಾರಮಾಡಿ ಆರಿಸಿಕೊ. ಆತನ ಬೋಧನೆಯ ತಿರುಳು ಇಷ್ಟೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತ ನಿಧನನಾದನು. ಈ ಶಾಸ್ತ್ರದ ಮೂಲಗ್ರಂಥವೆನಿಸಿದ ಆತನ ಪುಸ್ತಕ ಪ್ರಕಟವಾದದ್ದು 1909ರಲ್ಲಿ. ಅಚ್ಚಾದ ಪ್ರತಿಯನ್ನು ಕಾಣುವ ಭಾಗ್ಯ ಅದರ ಕರ್ತೃವಿಗಿರಲಿಲ್ಲ.

ಆನಂತರ ಬಂದವರು ಈ ಅಡಿಪಾಯದ ಮೇಲೆ ಮಹಡಿಗಳನ್ನೆಬ್ಬಿಸಿದರು. 1959ರಲ್ಲಿ ಜಾನ್ ಹಾಲೆಂಡ್ ಜನರ ವೃತ್ತಿಯ ಒಲವುಗಳನ್ನು ಆರು ಬಗೆಯಾಗಿ ವಿಂಗಡಿಸುವ ಸಿದ್ಧಾಂತವನ್ನು ಮುಂದಿಟ್ಟರು. ಡೊನಾಲ್ಡ್ ಸೂಪರ್ ಅವರು ವೃತ್ತಿಯೆಂಬುದು ಒಂದು ದಿನದ ಆಯ್ಕೆಯಲ್ಲ, ಬಾಲ್ಯದಿಂದ ವೃದ್ಧಾಪ್ಯದವರೆಗೆ ಹರಿಯುವ ಬೆಳವಣಿಗೆ ಎಂದು ವಾದಿಸಿದರು. ಜಾನ್ ಕ್ರಂಬೋಲ್ಟ್ಸ್ ಅವರು 1999ರಲ್ಲಿ ತಮ್ಮ ಸಹಲೇಖಕರೊಡನೆ, ಆಕಸ್ಮಿಕವಾಗಿ ಬಂದೊದಗುವ ಅವಕಾಶಗಳನ್ನು ಬಳಸಿಕೊಳ್ಳುವ ಸಿದ್ಧತೆಯೂ ಮಾರ್ಗದರ್ಶನದ ಭಾಗವೇ ಎಂದು ತೋರಿಸಿದರು. ನಮ್ಮ ಬೆಂಗಳೂರಿನಲ್ಲಿಯೇ ಗಿಡಿಯನ್ ಅರುಳ್‌ಮಣಿ ಮತ್ತು ಸೋನಾಲಿ ನಾಗ್ ಅರುಳ್‌ಮಣಿ ಈ ಕ್ಷೇತ್ರದಲ್ಲಿ ದುಡಿದು, 2004ರಲ್ಲಿ ವೃತ್ತಿ ಸಮಾಲೋಚನೆಯ ಕೈಪಿಡಿಯೊಂದನ್ನು ಹೊರತಂದರು. ಭಾರತೀಯ ಯುವಕನ ಆಯ್ಕೆಯನ್ನು ಅವನ ಅಭಿರುಚಿ ಮಾತ್ರವೇ ನಿರ್ಧರಿಸುವುದಿಲ್ಲ. ಮನೆತನ, ಸಮಾಜ, ಕೆಲಸದ ಬಗ್ಗೆ ಬೇರೂರಿದ ನಂಬಿಕೆಗಳು ಕೂಡ ನಿರ್ಧರಿಸುತ್ತವೆ ಎಂಬುದನ್ನು ಅವರ ಕೆಲಸ ಎತ್ತಿ ತೋರಿಸಿತು.

ಕೋಚಿಂಗ್ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಸಿಇಟಿ, ನೀಟ್ ಪರೀಕ್ಷೆಗಳ ತರಗತಿಗಳು. ಇಲ್ಲಿ ಆ ಪದದ ಅರ್ಥ ಬೇರೆ. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಯಿಂದ ಈ ಮಾತು ಹುಟ್ಟಿತೆಂದು ಭಾಷಾತಜ್ಞರು ಹೇಳುತ್ತಾರೆ. ಗಾಡಿಯು ಪ್ರಯಾಣಿಕನನ್ನು ಅವನು ತಲುಪಬಯಸಿದ ಊರಿಗೆ ಒಯ್ಯುತ್ತದೆ. ತಾನು ಬಯಸಿದ ಊರಿಗೆ ಅವನನ್ನು ಎಳೆದೊಯ್ಯುವುದಿಲ್ಲ. ಒಳ್ಳೆಯ ಕೋಚ್ ಕೂಡ ಹಾಗೆಯೇ. ಉತ್ತರವನ್ನು ಒಪ್ಪಿಸುವುದು ಆತನ ಕೆಲಸವಲ್ಲ. ಪ್ರಶ್ನೆಗಳನ್ನು ಕೇಳಿ, ಎದುರಿಗಿದ್ದವನು ತನ್ನ ಉತ್ತರವನ್ನು ತಾನೇ ಕಂಡುಕೊಂಡು, ಅದರಂತೆ ನಡೆಯುವಂತೆ ಮಾಡುವುದು ಆತನ ಕೆಲಸ. ‘ಅದರಂತೆ ನಡೆಯುವಂತೆ’ ಎಂಬ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ವಿವೇಕದ ಮೂರು ಮೆಟ್ಟಿಲುಗಳು

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಅದರಲ್ಲಿ ಮೂರು ಕ್ರಿಯೆಗಳನ್ನು ಗುರುತಿಸುತ್ತಾರೆ. ಮೊದಲನೆಯದು ಸಮಾಲೋಚನೆ, ಅಂದರೆ ಮಾಡಬೇಕಾದುದರ ಬಗ್ಗೆ ವಿಚಾರಿಸುವುದು. ಎರಡನೆಯದು ತೀರ್ಮಾನ, ಅಂದರೆ ವಿಚಾರಿಸಿದ ಸಂಗತಿಗಳನ್ನು ತೂಗಿನೋಡುವುದು. ಮೂರನೆಯದು ಆದೇಶ, ಅಂದರೆ ತೀರ್ಮಾನಿಸಿದುದನ್ನು ಮಾಡು ಎಂದು ತನಗೆ ತಾನೇ ಆಜ್ಞಾಪಿಸಿಕೊಂಡು ಕಾರ್ಯಕ್ಕಿಳಿಯುವುದು. ವಿವೇಕದ ಮುಖ್ಯ ಕ್ರಿಯೆ ಯಾವುದೆಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ಅನೇಕರಿಗೆ ಅಚ್ಚರಿ ತರಬಹುದು. ಬಹಳ ಯೋಚಿಸುವವನನ್ನು ನಾವು ವಿವೇಕಿಯೆನ್ನುತ್ತೇವೆ. ಅಕ್ವಿನಾಸರಾದರೋ ಮೂರನೆಯದನ್ನೇ, ಅಂದರೆ ಆದೇಶವನ್ನೇ, ವಿವೇಕದ ಪ್ರಧಾನ ಕ್ರಿಯೆಯೆಂದು ನಿರ್ಣಯಿಸುತ್ತಾರೆ. ಎಷ್ಟು ಸಮಾಲೋಚಿಸಿದರೂ, ಎಷ್ಟು ಸರಿಯಾಗಿ ತೂಗಿದರೂ, ಕಾರ್ಯಕ್ಕಿಳಿಯದವನ ವಿವೇಕ ಅಪೂರ್ಣವೇ ಸರಿ.

ಈ ಮೂರು ಕ್ರಿಯೆಗಳಿಗೆ ಎದುರಾಗಿ ಅವರು ಮೂರು ದೋಷಗಳನ್ನೂ ಹೆಸರಿಸುತ್ತಾರೆ. ಸಮಾಲೋಚನೆಯಿಲ್ಲದೆ ಹಾರುವುದು ದುಡುಕು. ತೂಗಿನೋಡದೆ ಒಪ್ಪಿಕೊಳ್ಳುವುದು ಅವಿಚಾರ. ತೀರ್ಮಾನಿಸಿದ ಮೇಲೂ ಹಿಂಜರಿದು ಕೈಬಿಡುವುದು ಚಂಚಲತೆ.

ಪಾರ್ಸನ್ಸನ ಮೂರು ಮಾತುಗಳು ಈ ಮೆಟ್ಟಿಲುಗಳಿಗೆ ಎಷ್ಟು ಸಮೀಪವಾಗಿವೆಯೆಂಬುದನ್ನು ವಿವರಿಸಬೇಕಾಗಿಲ್ಲ. ಸಂಶೋಧನಾ ಪ್ರಬಂಧದ ಮೆಟ್ಟಿಲುಗಳೂ ಇವೇ ಆಗಿವೆ. ಹಿಂದಿನವರು ಬರೆದುದನ್ನು ಓದುವುದು, ಜನರನ್ನು ಕಂಡು ಕೇಳುವುದು ಸಮಾಲೋಚನೆ. ದೊರೆತ ಮಾಹಿತಿಯನ್ನು ವಿಶ್ಲೇಷಿಸುವುದು ತೀರ್ಮಾನ. ಬರೆದು, ತಿದ್ದಿ, ಸಹಿ ಹಾಕಿ ಸಲ್ಲಿಸುವುದು ಆದೇಶ. ನಮ್ಮಲ್ಲಿ ಅನೇಕ ಪ್ರಬಂಧಗಳು ಮೊದಲನೆಯ ಮೆಟ್ಟಿಲಿನಲ್ಲಿಯೇ ಉಳಿದುಬಿಡುತ್ತವೆ. ಇನ್ನೊಂದು ಪುಸ್ತಕ ಓದಬೇಕು, ಇನ್ನೊಬ್ಬರನ್ನು ಕಾಣಬೇಕು ಎಂಬುದು ನೋಡುವವರಿಗೆ ಶ್ರದ್ಧೆಯಂತೆಯೇ ಕಾಣುತ್ತದೆ. ಒಳಗೆ ಅದು ಹಲವೊಮ್ಮೆ ಅಂಜಿಕೆಯಾಗಿರುತ್ತದೆ. ಸಲ್ಲಿಸಿದ ಪ್ರಬಂಧವನ್ನು ಪರೀಕ್ಷಕರು ತಿದ್ದಬಹುದು, ಟೀಕಿಸಬಹುದು. ಕಪಾಟಿನಲ್ಲಿರುವ ಪ್ರಬಂಧಕ್ಕೆ ಆ ಅಪಾಯವಿಲ್ಲ.

ಗೋಪುರದ ಲೆಕ್ಕ

ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮತಿ ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಪ್ರಭು ಅದನ್ನು ಹೇಳಿದ್ದು ಶಿಷ್ಯತ್ವದ ಬಗ್ಗೆ. ಆದರೆ ಪ್ರಬಂಧ ಬರೆಯುವವರಿಗೂ ಆ ಲೆಕ್ಕ ತಪ್ಪಿದ್ದಲ್ಲ.

ಬ್ರಿಟನ್ನಿನ ಸ್ನಾತಕೋತ್ತರ ಪದವಿಯ ರೀತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಇಡೀ ಪದವಿಗೆ ಸಾಮಾನ್ಯವಾಗಿ 180 ಕ್ರೆಡಿಟ್‌ಗಳು. ಅದರಲ್ಲಿ ಪ್ರಬಂಧಕ್ಕೆ ಅನೇಕ ಕಡೆ 60 ಕ್ರೆಡಿಟ್‌ಗಳು ಮೀಸಲು. ಒಂದು ಕ್ರೆಡಿಟ್‌ಗೆ 10 ಗಂಟೆಗಳ ದುಡಿಮೆಯೆಂಬುದು ಅಲ್ಲಿನ ಎಣಿಕೆ. ಅಂದರೆ ಪ್ರಬಂಧವೊಂದಕ್ಕೆ 600 ಗಂಟೆ. ಮನೆಮಠ, ಉದ್ಯೋಗ ಎರಡನ್ನೂ ನೋಡಿಕೊಳ್ಳುವ ಒಬ್ಬ ತಾಯಿಗೆ ವಾರಕ್ಕೆ 10 ಗಂಟೆ ದೊರೆತರೆ 60 ವಾರಗಳು ಬೇಕು. 5 ಗಂಟೆ ಮಾತ್ರ ದೊರೆತರೆ ಎರಡು ವರ್ಷ ಕಳೆದರೂ ಮುಗಿಯದು. ಸಂದರ್ಶನದ ಒಂದು ಗಂಟೆಯ ಮಾತನ್ನು ಧ್ವನಿಮುದ್ರಣದಿಂದ ಅಕ್ಷರಕ್ಕಿಳಿಸುವುದಕ್ಕೇ ನಾಲ್ಕೈದು ಗಂಟೆ ಹಿಡಿಯುತ್ತದೆ. ಈ ಲೆಕ್ಕ ಹಾಕಿದವರು ನಿರಾಶರಾಗಬೇಕಾಗಿಲ್ಲ. ಗೋಪುರದ ಎತ್ತರವನ್ನು ತಗ್ಗಿಸಿಕೊಂಡರೆ ಸಾಕು.

ಇಲ್ಲಿ ಒಂದು ನಿದರ್ಶನ ಉಚಿತವೆಂದು ತೋರುತ್ತದೆ. ನಮ್ಮ ಪರಿಚಯದ ಅಧ್ಯಾಪಕಿಯೊಬ್ಬರ ಅನುಮತಿ ಪಡೆದು, ಗುರುತು ಹತ್ತುವ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇವೆ. ಅವರು ಆರಿಸಿಕೊಂಡಿದ್ದ ವಿಷಯ ‘ಕರಾವಳಿಯ ಯುವಜನರ ವೃತ್ತಿ ವಿಕಾಸ’. ಮೂರು ವರ್ಷ ಕಳೆದಿತ್ತು. ಓದಿದ ಪುಸ್ತಕಗಳ ಟಿಪ್ಪಣಿಗಳು ನಾಲ್ಕು ನೋಟುಪುಸ್ತಕ ತುಂಬಿದ್ದವು. ಬರೆದ ಅಧ್ಯಾಯ ಒಂದೂ ಇರಲಿಲ್ಲ. ಇನ್ನೂ ಕೆಲವು ಪುಸ್ತಕಗಳ ಹೆಸರು ಬೇಕೆಂದು ಅವರು ನಮ್ಮಲ್ಲಿಗೆ ಬಂದರು.

“ಟೀಚರ್, ಈ ಪ್ರಬಂಧದಿಂದ ನಿಮಗೆ ತಿಳಿಯಬೇಕಾದದ್ದೇನು?” ಎಂದು ಕೇಳಿದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಫಾದರ್, ನನ್ನ ಹಳೆಯ ವಿದ್ಯಾರ್ಥಿನಿಯರು ಎಷ್ಟೋ ಮಂದಿ ನರ್ಸಿಂಗ್ ಸೇರುತ್ತಾರೆ. ಯಾಕೆ ಸೇರಿದೆ ಎಂದು ಕೇಳಿದರೆ ಸುಮ್ಮನೆ ನಗುತ್ತಾರೆ. ಆ ನಗುವಿನ ಹಿಂದೆ ಏನಿದೆ ಎಂದು ತಿಳಿಯಬೇಕು” ಎಂದರು.

ಪ್ರಬಂಧದ ಪ್ರಶ್ನೆ ಅಲ್ಲಿತ್ತು. ಅವರ ಮಾರ್ಗದರ್ಶಕರೂ ಅದಕ್ಕೆ ಒಪ್ಪಿದರು. ‘ಕರಾವಳಿಯ ಯುವಜನರು’ ಹೋಗಿ, ದ್ವಿತೀಯ ಪಿಯುಸಿಯ ಬಳಿಕ ನರ್ಸಿಂಗ್ ಸೇರಿದ ಎಂಟು ಯುವತಿಯರು ಬಂದರು. ‘ವೃತ್ತಿ ವಿಕಾಸ’ ಹೋಗಿ, ಆ ನಿರ್ಧಾರವನ್ನು ಅವರು ಯಾರೊಡನೆ, ಹೇಗೆ ಚರ್ಚಿಸಿದರೆಂಬ ಒಂದೇ ಪ್ರಶ್ನೆ ಬಂತು. ಎಂಟು ಜನರ ಮಾತಿನಿಂದ ಜಿಲ್ಲೆಯ ಎಲ್ಲ ಯುವತಿಯರ ಬಗ್ಗೆ ತೀರ್ಪು ಕೊಡಲಾಗದು, ನಿಜ. ಆದರೆ ವಿಷಯದ ಸ್ವಭಾವ ಎಷ್ಟು ನಿಖರತೆಗೆ ಆಸ್ಪದ ಕೊಡುತ್ತದೆಯೋ ಅಷ್ಟನ್ನೇ ಅದರಿಂದ ನಿರೀಕ್ಷಿಸುವುದು ಸುಶಿಕ್ಷಿತನ ಲಕ್ಷಣವೆಂದು ಅರಿಸ್ಟಾಟಲನು ಬಹಳ ಹಿಂದೆಯೇ ತಿಳಿಸಿದ್ದಾನೆ. ಎಂಟು ಜನರ ಮಾತನ್ನು ಆಳವಾಗಿ ಕೇಳುವುದಕ್ಕೂ ಎಂಟುನೂರು ಜನರಿಗೆ ಪ್ರಶ್ನಾವಳಿ ಹಂಚುವುದಕ್ಕೂ ಉದ್ದೇಶವೇ ಬೇರೆ. ಒಂದರಿಂದ ಮತ್ತೊಂದರ ಫಲವನ್ನು ಬಯಸಬಾರದು, ಅಷ್ಟೆ.

ಅವರು ಅನುಸರಿಸಿದ ಕ್ರಮ ವಿಷಯವಾರು ವಿಶ್ಲೇಷಣೆ. 2006ರಲ್ಲಿ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು ಈ ಕ್ರಮವನ್ನು ಆರು ಹಂತಗಳಲ್ಲಿ ವಿವರಿಸಿದ್ದಾರೆ. ಮಾತುಗಳನ್ನು ಮತ್ತೆಮತ್ತೆ ಓದುವುದು, ಅರ್ಥವುಳ್ಳ ತುಣುಕುಗಳಿಗೆ ಗುರುತು ಹಾಕುವುದು, ಗುರುತುಗಳನ್ನು ಗುಂಪಾಗಿಸಿ ಎಳೆಗಳನ್ನು ಹುಡುಕುವುದು, ಆ ಎಳೆಗಳನ್ನು ಪರಿಶೀಲಿಸುವುದು, ಅವುಗಳಿಗೆ ಹೆಸರಿಡುವುದು, ಕೊನೆಗೆ ಬರೆಯುವುದು. ಈ ಪಟ್ಟಿಯಲ್ಲಿ ಬರವಣಿಗೆಯೂ ವಿಶ್ಲೇಷಣೆಯ ಒಂದು ಹಂತವೇ ಆಗಿದೆಯೆಂಬುದನ್ನು ಗಮನಿಸಬೇಕು. ಎಲ್ಲವೂ ಸ್ಪಷ್ಟವಾದ ಮೇಲೆ ಬರೆಯುತ್ತೇನೆಂದು ಕಾಯುವವರಿಗೆ ಸ್ಪಷ್ಟತೆ ದೊರೆಯುವುದು ಕಷ್ಟ. ಬರೆಯುತ್ತ ಹೋದಂತೆ ಅದು ಮೂಡುತ್ತದೆ.

ಹೆಸರು ಬದಲಿಸಿದರೆ ಸಾಲದು

ಸಂದರ್ಶನಕ್ಕೆ ಒಪ್ಪಿದವರಿಂದ ಲಿಖಿತ ಸಮ್ಮತಿ ಪಡೆಯುವುದು, ಅವರ ನಿಜನಾಮವನ್ನು ಬದಲಿಸುವುದು, ಬೇಡವೆನಿಸಿದರೆ ಹಿಂದೆ ಸರಿಯಲು ಅವಕಾಶ ಕೊಡುವುದು ಇಂದು ಇಂತಹ ಸಂಶೋಧನೆಯ ಪ್ರಾಥಮಿಕ ನಿಯಮಗಳು. ದೊಡ್ಡ ನಗರದಲ್ಲಿ ಇಷ್ಟು ಸಾಕಾಗಬಹುದು. ನಮ್ಮ ಧರ್ಮಕೇಂದ್ರಗಳಂಥ ಚಿಕ್ಕ ಲೋಕದಲ್ಲಿ ಇದು ಸಾಲದು. ತಂದೆ ಗಲ್ಫ್‌ನಿಂದ ಮರಳಿದವರು, ಅಣ್ಣ ಸೆಮಿನರಿಯಿಂದ ಹಿಂದಿರುಗಿದವನು, ಮನೆ ಹೊಳೆಯ ಬದಿಯಲ್ಲಿ ಎಂದು ಬರೆದರೆ ಹೆಸರು ಏನೇ ಇರಲಿ, ಭಾನುವಾರದ ಪೂಜೆಗೆ ಬರುವ ಪ್ರತಿಯೊಬ್ಬರಿಗೂ ಅದು ಯಾರೆಂದು ತಿಳಿಯುತ್ತದೆ.

ಈ ಅಧ್ಯಾಪಕಿಗೂ ಅಂತಹ ಸನ್ನಿವೇಶ ಎದುರಾಯಿತು. ಎಂಟು ಯುವತಿಯರಲ್ಲಿ ಒಬ್ಬಳ ಮಾತು ಉಳಿದೆಲ್ಲರ ಮಾತಿಗಿಂತ ಹೆಚ್ಚು ಅರ್ಥಪೂರ್ಣವಾಗಿತ್ತು. ಮನೆಯ ಸಾಲ, ತಂದೆಯ ಮೌನ, ಅರ್ಜಿಯ ಕೊನೆಯ ದಿನಾಂಕ ಎಲ್ಲವನ್ನೂ ಆಕೆ ಬಿಚ್ಚಿ ಹೇಳಿದ್ದಳು. ಪ್ರಬಂಧದ ಅತ್ಯುತ್ತಮ ಅಧ್ಯಾಯ ಅವಳ ಮಾತಿನ ಮೇಲೆಯೇ ನಿಂತಿತ್ತು. ಸಲ್ಲಿಕೆಗೆ ಮೂರು ವಾರಗಳಿರುವಾಗ ಆಕೆ ಫೋನು ಮಾಡಿ, “ಟೀಚರ್, ನಾನು ಹೇಳಿದ್ದನ್ನು ಹಾಕಬೇಡಿ. ಅಪ್ಪನಿಗೆ ಗೊತ್ತಾದರೆ ಬೇಸರ ಮಾಡಿಕೊಳ್ಳುತ್ತಾರೆ” ಎಂದಳು.

ಸಮ್ಮತಿಪತ್ರದಲ್ಲಿ ಸಹಿಯಿತ್ತು. ಹಿಂದೆ ಸರಿಯಲು ನಿಗದಿಪಡಿಸಿದ್ದ ಅವಧಿಯೂ ಮೀರಿತ್ತು. ನಿಯಮದ ಪ್ರಕಾರ ಆ ಮಾತುಗಳನ್ನು ಉಳಿಸಿಕೊಳ್ಳಬಹುದಾಗಿತ್ತೆಂದು ಕೆಲವರು ಹೇಳಿದರು. ಅಧ್ಯಾಪಕಿ ಎರಡು ರಾತ್ರಿ ಯೋಚಿಸಿದರು. ಮೂರನೆಯ ದಿನ ಆ ಯುವತಿಯ ಮಾತುಗಳನ್ನೆಲ್ಲ ತೆಗೆದುಹಾಕಿ, ಉಳಿದ ಏಳು ಮಂದಿಯ ಮಾತುಗಳಿಂದಲೇ ಆ ಅಧ್ಯಾಯವನ್ನು ಮತ್ತೆ ಬರೆದರು. ಅಧ್ಯಾಯ ಸೊರಗಿತು. ನಿಗದಿತ ದಿನದಂದು ಪ್ರಬಂಧ ಸಲ್ಲಿಕೆಯಾಯಿತು. ದೊರೆತ ಅಂಕಗಳು ಸಾಧಾರಣ.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಇಮ್ಮಾನ್ಯುಯೆಲ್ ಕಾಂಟನ ನೀತಿಯನ್ನು ಓದಿದ್ದುಂಟು. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದು, ಅವನು ಸ್ವತಃ ಒಂದು ಗುರಿ ಎಂಬುದು ಅದರ ಸಾರ. ಇತರರ ಬಾಳಿಗೆ ದಾರಿ ತೋರುವ ಶಾಸ್ತ್ರದಲ್ಲಿ ಪದವಿ ಪಡೆಯುವುದಕ್ಕಾಗಿ ಒಂದು ಹುಡುಗಿಯ ಬಾಳಿನ ನೆಮ್ಮದಿಯನ್ನು ಕೆಡಿಸಿದರೆ ಆ ಪದವಿಗೆ ಏನರ್ಥ? ಪಾಪನಿವೇದನೆಯ ಗುಟ್ಟನ್ನು ಕಾಯುವ ಕರ್ತವ್ಯವುಳ್ಳ ಯಾಜಕರಿಗೆ ಇದು ಬೇಗನೆ ಅರ್ಥವಾಗುತ್ತದೆ. ನಂಬಿ ಹೇಳಿದ ಮಾತು ಕೇಳಿದವನ ಆಸ್ತಿಯಾಗುವುದಿಲ್ಲ. ಅದು ಹೇಳಿದವನದ್ದೇ ಆಗಿ ಉಳಿಯುತ್ತದೆ.

ದುಡುಕಿನ ಇನ್ನೊಂದು ರೂಪ

ಮುಗಿಸುವುದು ವಿವೇಕವೆಂದ ಮಾತ್ರಕ್ಕೆ ಹೇಗಾದರೂ ಮುಗಿಸಿದರಾಯಿತೆಂದು ಯಾರೂ ತಿಳಿಯಬಾರದು. ಹಣ ತೆತ್ತರೆ ಪ್ರಬಂಧ ಬರೆದುಕೊಡುವವರು ಹಿಂದಿನಿಂದಲೂ ಇದ್ದಾರೆ. ಈಗಂತೂ ಪ್ರಶ್ನೆಯೊಂದನ್ನು ಬೆರಳಚ್ಚಿಸಿದರೆ ಕಂಪ್ಯೂಟರೇ ಪುಟಗಟ್ಟಲೆ ಬರೆದು ಕೊಡುತ್ತದೆ. ಇದು ಅಕ್ವಿನಾಸರು ಹೇಳಿದ ದುಡುಕು. ನಡುವಿನ ಮೆಟ್ಟಿಲುಗಳನ್ನು ಹತ್ತದೆ ಮೇಲಕ್ಕೆ ನೆಗೆಯುವ ಯತ್ನವಿದು.

ನಮ್ಮ ದೇಶದ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಜಾರಿಗೊಳಿಸಿತು. ಅದರ ಪ್ರಕಾರ ಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇಕಡಾ 10ರಿಂದ 40ರವರೆಗಾದರೆ ಆರು ತಿಂಗಳನ್ನು ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸಬೇಕು. ಶೇಕಡಾ 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದು. ದಂಡನೆಯ ಭಯದಿಂದ ಪ್ರಾಮಾಣಿಕರಾಗುವುದು ಏನೂ ಇಲ್ಲದಿರುವುದಕ್ಕಿಂತ ಲೇಸು. ಆದರೆ ಇದರಲ್ಲಿರುವ ನಷ್ಟ ದಂಡನೆಗಿಂತ ದೊಡ್ಡದು. ಮುಂದೊಂದು ದಿನ ಹದಿನೇಳರ ಹುಡುಗನೊಬ್ಬ ಎದುರು ಕುಳಿತು, ‘ನಾನೇನು ಮಾಡಲಿ?’ ಎಂದು ಕೇಳುತ್ತಾನೆ. ಸಂದಿಗ್ಧದಲ್ಲಿ ತಾನೇ ಒದ್ದಾಡಿ, ತಾನೇ ನಿರ್ಧರಿಸಿ, ತಾನೇ ಮುಗಿಸಿದ ಅನುಭವವಿಲ್ಲದ ಮಾರ್ಗದರ್ಶಕನು ಅವನಿಗೆ ಯಾವ ಧೈರ್ಯ ಹೇಳಬಲ್ಲನು? ಕೊಂಡುತಂದ ಪ್ರಬಂಧ ಪದವಿಯನ್ನು ಕೊಡಬಹುದು. ಆ ಧೈರ್ಯವನ್ನು ಕೊಡಲಾರದು.

ಒಳ್ಳೆಯ ಯೋಚನೆಗಳ ಅಡ್ಡಿ

ಸಂತ ಇಗ್ನೇಷಿಯಸ್ ಲೊಯೋಲಾರ ಬಾಳಿನಲ್ಲಿ ಈ ವಿಷಯಕ್ಕೆ ಹೊಂದುವ ಪ್ರಸಂಗವೊಂದಿದೆ. ಸೈನಿಕ ಜೀವನವನ್ನು ತೊರೆದು ದೇವರ ಸೇವೆಗೆ ಹೊರಟ ಅವರು ವಿದ್ಯೆಯಿಲ್ಲದೆ ಜನರಿಗೆ ನೆರವಾಗಲು ಕಷ್ಟವೆಂದು ಮನಗಂಡರು. ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನಾ ನಗರದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಆರಂಭಿಸಿದರು. ಪದಗಳನ್ನು ಬಾಯಿಪಾಠ ಮಾಡಲು ಕುಳಿತೊಡನೆ ಅವರ ಮನಸ್ಸಿನಲ್ಲಿ ಭಕ್ತಿಯ ಹೊಸ ಹೊಸ ಚಿಂತನೆಗಳು ಉಕ್ಕುತ್ತಿದ್ದವು. ಪಾಠ ಹಿಂದೆ ಬೀಳುತ್ತಿತ್ತು. ಪ್ರಾರ್ಥನೆಗೆ ಕುಳಿತಾಗಲೂ ಬಾರದಿದ್ದ ಚಿಂತನೆಗಳು ವ್ಯಾಕರಣದ ಹೊತ್ತಿನಲ್ಲಿಯೇ ಬರುವುದೇಕೆಂದು ಅವರು ವಿವೇಚಿಸಿದರು. ಅವು ನೋಡಲು ಪವಿತ್ರವಾಗಿದ್ದರೂ ಹಿಡಿದ ಕೆಲಸದಿಂದ ದೂರ ಸೆಳೆಯುವ ಶೋಧನೆಯೇ ಎಂಬ ನಿರ್ಣಯಕ್ಕೆ ಬಂದರು. ತಮ್ಮ ಗುರುವನ್ನು ಚರ್ಚಿಗೆ ಕರೆದು, ತುತ್ತು ಅನ್ನ ನೀರು ದೊರೆಯುವವರೆಗೆ ಎರಡು ವರ್ಷ ಪಾಠಕ್ಕೆ ಗಮನ ಕೊಡುವುದನ್ನು ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. 1528ರಲ್ಲಿ ಪ್ಯಾರಿಸ್ಸಿಗೆ ಹೋದ ಅವರು ಸ್ನಾತಕೋತ್ತರ ಪದವಿಯನ್ನು ಪಡೆದಾಗ ವಯಸ್ಸು ನಲವತ್ತನ್ನು ದಾಟಿತ್ತು.

ಪ್ರಬಂಧ ಬರೆಯುವ ಗೃಹಿಣಿಗೂ ಧರ್ಮಭಗಿನಿಗೂ ಅಡ್ಡಿಯಾಗುವುದು ಸೋಮಾರಿತನವಲ್ಲ. ಒಳ್ಳೆಯ ಕೆಲಸಗಳೇ ಅವರಿಗೆ ಅಡ್ಡಿ. ಗಾಯನ ಮಂಡಳಿಯ ಅಭ್ಯಾಸ, ನೆರೆಮನೆಯ ರೋಸ್ ಸಮಾರಂಭ, ಶಾಲೆಯ ವಾರ್ಷಿಕೋತ್ಸವ, ಸಂಘದ ಸಭೆ ಯಾವುದೂ ಕೆಟ್ಟದ್ದಲ್ಲ. ಇವೆಲ್ಲದರ ನಡುವೆ ವಾರಕ್ಕೆ 10 ಗಂಟೆಗಳನ್ನು ಕಾಯ್ದುಕೊಳ್ಳುವವರು ಅನೇಕ ಒಳ್ಳೆಯ ಕೆಲಸಗಳಿಗೆ ಇಲ್ಲವೆನ್ನಲೇಬೇಕು. ವೃತ್ತಿಯ ಆಯ್ಕೆಯ ಪಾಠವೂ ಇದೇ. ಒಂದನ್ನು ಆರಿಸಿಕೊಳ್ಳುವುದೆಂದರೆ ಹಲವನ್ನು ಬಿಡುವುದು. ಬಿಡಲು ಸಿದ್ಧನಲ್ಲದವನು ಆರಿಸಲಾರ.

ಅಪೂರ್ಣವಾದ ಮಹಾಗ್ರಂಥ

ಇಷ್ಟು ಹೇಳಿದ ಮೇಲೆ, ಅಕ್ವಿನಾಸರೇ ತಮ್ಮ ಮಹಾಗ್ರಂಥವನ್ನು ಮುಗಿಸಲಿಲ್ಲವಲ್ಲ ಎಂದು ತಿಳಿದವರು ಕೇಳಬಹುದು. ನಿಜ. 1273ರ ಡಿಸೆಂಬರ್ 6ರಂದು, ಸಂತ ನಿಕೊಲಾಸರ ಹಬ್ಬದ ದಿನ, ಪೂಜೆಯ ಬಳಿಕ ಅವರು ಲೇಖನಿಯನ್ನು ಕೆಳಗಿಟ್ಟರು. ‘ಸುಮ್ಮಾ ಥಿಯೊಲೋಜಿಯೆ’ಯ ಮೂರನೆಯ ಭಾಗ ಪ್ರಾಯಶ್ಚಿತ್ತ ಸಂಸ್ಕಾರದ ವಿವೇಚನೆಯ ನಡುವೆ ನಿಂತುಹೋಯಿತು. 1274ರ ಮಾರ್ಚ್ 7ರಂದು ಅವರು ದೈವಾಧೀನರಾದರು.

ಆದರೆ ಆ ಕಥೆಯ ಪೂರ್ವಾರ್ಧವನ್ನೂ ನೆನಪಿಡಬೇಕು. ಎರಡು ದಶಕಗಳಿಗೂ ಹಿಂದೆ, ಪ್ಯಾರಿಸ್ಸಿನಲ್ಲಿ ಕಿರಿಯ ಉಪಾಧ್ಯಾಯರಾಗಿದ್ದಾಗ, ದೈವಶಾಸ್ತ್ರದ ಆಚಾರ್ಯ ಪದವಿಗಾಗಿ ಅವರು ಪೀಟರ್ ಲೊಂಬಾರ್ಡರ ಗ್ರಂಥದ ಮೇಲೆ ವ್ಯಾಖ್ಯಾನ ಮಾಡಬೇಕಾಗಿತ್ತು. ಅಂದಿನ ವಿದ್ಯಾರ್ಥಿಗಳಿಗೆಲ್ಲ ವಿಧಿಸಲಾಗಿದ್ದ ಕಾರ್ಯವದು. ಒಂದರ್ಥದಲ್ಲಿ ಅದೇ ಅವರ ಪ್ರಬಂಧ. ಅದನ್ನು ಪೂರೈಸಿ ಅವರು 1256ರಲ್ಲಿ ಆಚಾರ್ಯರಾದರು. ವಿಧಿಸಿದ ಕಾರ್ಯವನ್ನು ಪೂರೈಸಿದವರಿಗೆ ಮುಂದೆ ಮಹಾಗ್ರಂಥ ಸಾಧ್ಯವಾಯಿತು. ಸ್ನಾತಕೋತ್ತರ ಪ್ರಬಂಧವೂ ವಿಧಿಸಿದ ಕಾರ್ಯವೇ. ಬಾಳಿನ ಎಲ್ಲ ಅರಿವನ್ನೂ ಅದರಲ್ಲಿಯೇ ತುಂಬಬೇಕೆಂದು ಹೊರಡುವವರು ಅದನ್ನೂ ಮುಗಿಸಲಾರರು, ಮುಂದಿನದನ್ನು ಆರಂಭಿಸಲೂ ಆರರು.

ಧರ್ಮಕೇಂದ್ರದ ಪಾಲು

ಮೇಲೆ ಹೇಳಿದ ಅಧ್ಯಾಪಕಿಯ ಪ್ರಬಂಧ ಏನನ್ನು ಕಂಡುಕೊಂಡಿತು? ತಂದೆತಾಯಿಗಳು ಬಲವಂತ ಮಾಡಿರಬೇಕೆಂದು ಅವರು ಮೊದಲು ಊಹಿಸಿದ್ದರು. ಆ ಯುವತಿಯರ ಮಾತಿನಲ್ಲಿ ಬಲವಂತ ಹೆಚ್ಚು ಕಾಣಲಿಲ್ಲ. ಕಂಡದ್ದು ಮೌನ. ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನೆರೆಮನೆಯ ಅಕ್ಕ ಅದೇ ಕೋರ್ಸು ಮಾಡಿ ವಿದೇಶಕ್ಕೆ ಹೋಗಿದ್ದಳು; ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು; ಅರ್ಜಿ ತುಂಬಲಾಯಿತು. ಅವರಲ್ಲಿ ಕೆಲವರು ಈಗ ಆ ವೃತ್ತಿಯನ್ನು ಮನಸಾರೆ ಪ್ರೀತಿಸುತ್ತಾರೆ. ಆದರೂ ‘ನಿನಗೇನು ಇಷ್ಟ ಮಗಾ?’ ಎಂದು ಒಬ್ಬರಾದರೂ ಕೇಳಬೇಕಾಗಿತ್ತೆಂಬ ಕೊರಗು ಅವರಲ್ಲಿ ಉಳಿದಿದೆ.

ಏಳು ಮಂದಿಯ ಮಾತಿನಿಂದ ಹೊರಟ ಈ ಸಣ್ಣ ಅರಿವು ಅಧ್ಯಾಪಕಿಯನ್ನು ಕಾರ್ಯಕ್ಕಿಳಿಸಿತು. ಈಗ ತಿಂಗಳಿಗೆರಡು ಶನಿವಾರ ಮಧ್ಯಾಹ್ನ ಅವರು ಇಗರ್ಜಿಯ ಸಭಾಭವನದ ಮೂಲೆಯಲ್ಲಿ ಕುಳಿತಿರುತ್ತಾರೆ. ಹತ್ತನೆಯ ತರಗತಿ, ಪಿಯುಸಿಯ ಮಕ್ಕಳು ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಬರುತ್ತಾರೆ. ಅಧ್ಯಾಪಕಿ ಹೆಚ್ಚು ಮಾತನಾಡುವುದಿಲ್ಲ. ಪ್ರಶ್ನೆ ಕೇಳಿ, ಮಗು ತಂದೆಗೆ ಉತ್ತರಿಸುವಂತೆ ಮಾಡುತ್ತಾರೆ. ಕಪಾಟಿನ ಕಡತ ಅಲ್ಲಿಯೇ ಉಳಿದಿದ್ದರೆ ಈ ಮೇಜು ಇಲ್ಲಿ ಇರುತ್ತಿರಲಿಲ್ಲ.

ಪಾಸ್ಖ ಕಾಲದ ನಾಲ್ಕನೆಯ ಭಾನುವಾರ, ಒಳ್ಳೆಯ ಕುರುಬನ ಭಾನುವಾರ, ಜಗತ್ತಿನಾದ್ಯಂತ ದೈವಕರೆಗಾಗಿ ಪ್ರಾರ್ಥನೆ ನಡೆಯುತ್ತದೆ. 1964ರಲ್ಲಿ ಜಗದ್ಗುರು ಆರನೆಯ ಪೌಲರು ಆರಂಭಿಸಿದ ಪದ್ಧತಿಯಿದು. ಅಂದು ನಾವು ಯಾಜಕರಿಗಾಗಿ, ಧರ್ಮಭಗಿನಿಯರಿಗಾಗಿ ಬೇಡುತ್ತೇವೆ. ಬೇಡಲೇಬೇಕು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಪವಿತ್ರತೆಗೆ ಎಲ್ಲ ಕ್ರೈಸ್ತರಿಗೂ ಕರೆಯಿದೆಯೆಂದು ಸಾರಿತು. ಐಟಿಐ ಸೇರುವ ಹುಡುಗನಿಗೂ, ದೋಣಿಯಲ್ಲಿ ಹೋಗುವವನಿಗೂ, ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಿಗೂ ಕರೆಯಿದೆ. ಆ ಕರೆಯನ್ನು ಆಲಿಸಲು ಅವರಿಗೆ ನೆರವಾಗಬಲ್ಲವರನ್ನು ತಯಾರುಮಾಡುವುದೂ ಧರ್ಮಸಭೆಯ ಕೆಲಸವಲ್ಲವೇ?

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಇಂತಹ ಪ್ರಬಂಧ ಬರೆಯುತ್ತಿದ್ದರೆ, ‘ಇನ್ನೂ ಮುಗಿಯಲಿಲ್ಲವೇ?’ ಎಂದು ಕೇಳುವುದನ್ನು ಬಿಟ್ಟು, ವಾರಕ್ಕೆ ಎರಡು ಸಂಜೆ ಅಡುಗೆಮನೆಯ ಹೊಣೆಯನ್ನು ಹೊತ್ತುಕೊಳ್ಳಿರಿ. ಧರ್ಮಕೇಂದ್ರದ ಪಾಲನಾ ಮಂಡಳಿಗಳು ಸಭಾಭವನದ ಒಂದು ಕೊಠಡಿ, ಒಂದು ಮೇಜು, ಒಂದು ದೀಪವನ್ನು ಇಂಥವರಿಗಾಗಿ ಸಂಜೆಯ ಹೊತ್ತು ತೆರೆದಿಡಲಿ. ಪ್ರಬಂಧ ಬರೆಯುತ್ತಿರುವವರೇ, ನೀವು ಇಂದು ರಾತ್ರಿ ಕಡತವನ್ನು ಹೊರತೆಗೆಯಿರಿ. ಹೊಸ ಪುಸ್ತಕವನ್ನು ತೆರೆಯಬೇಡಿರಿ. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದಕ್ಕೆ ಸಂಬಂಧಿಸದ ಪುಟಗಳನ್ನು ಬದಿಗಿಡಿರಿ. ಸಲ್ಲಿಸುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿರಿ. ಸಮಾಲೋಚನೆ ಸಾಕಷ್ಟಾಗಿದೆ. ಇನ್ನು ಆದೇಶದ ಹೊತ್ತು.